ಹೆಣ್ಣುಮಕ್ಕಳ ನಿದ್ದೆ

ಪರೀಕ್ಷೆ ಸಮೀಪಿಸಿತೆಂದರೆ ಮಕ್ಕಳನ್ನು ಬೆಳಗಿನ ನಾಲ್ಕು ಗಂಟೆಗೇ ಎಬ್ಬಿಸಿ ಓದಲು ಕೂರಿಸುವ ವಾಡಿಕೆ ನಮ್ಮಲ್ಲುಂಟು. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಮರೆಯದೆಂಬುದು ಹಿರಿಯರ ನಂಬಿಕೆ. ರಾತ್ರಿ ಎಂಟಕ್ಕೆ ದೀಪವಾರಿಸುತ್ತಿದ್ದ ಕಾಲಕ್ಕೆ ಅದು ಒಪ್ಪುವ ಮಾತೇ ಆಗಿದ್ದಿತು. ಹನ್ನೊಂದಕ್ಕೆ ಮಲಗಿದ ಬಾಲಿಕೆಗೆ ಅದು ಶಿಕ್ಷೆಯೇ ಸರಿ.

ಫ್ಲಾರೆನ್ಸ್ ನೈಟಿಂಗೇಲರು 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ, ನಿದ್ರಿಸುತ್ತಿರುವ ರೋಗಿಯನ್ನು ಎಬ್ಬಿಸಬಾರದೆಂಬುದನ್ನು ದಾದಿಯರಿಗೆ ಮೀರಬಾರದ ನಿಯಮವಾಗಿ ವಿಧಿಸಿದರು. ರೋಗಿಗೆ ಸಲ್ಲುವ ಈ ದಯೆ ಬೆಳೆಯುವ ಮಗುವಿಗೆ ಸಲ್ಲಬಾರದೇ? 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ತಿಳಿಸಿತು. ಬೆಳವಣಿಗೆಯ ಹಾರ್ಮೋನು ಹೇರಳವಾಗಿ ಸ್ರವಿಸುವುದು ಗಾಢನಿದ್ದೆಯಲ್ಲಿ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲೂ ನಿದ್ದೆಯೇ ಬೇಕು. ಹದಿಹರೆಯದಲ್ಲಿ ನಿದ್ದೆ ತಡವಾಗಿ ಹತ್ತುವುದು ದೇಹಧರ್ಮ, ಸೋಮಾರಿತನವಲ್ಲ.

ಇನ್ನೊಂದು ಮಾತನ್ನು ತಾಯಿತಂದೆಗಳು ಬೇಸರಿಸದೆ ಕೇಳಬೇಕು. ಅನೇಕ ಮನೆಗಳಲ್ಲಿ ರಾತ್ರಿಯೂಟವಾದ ಮೇಲೆ ಪಾತ್ರೆ ತೊಳೆದು, ಒಲೆ ಒರಸಿ (ಸೌದೆಯೊಲೆ ಹೋಗಿ ಗ್ಯಾಸು ಬಂದರೂ ಒರಸುವ ಕೈ ಬದಲಾಗಲಿಲ್ಲ) ಆಮೇಲೆ ಪುಸ್ತಕ ಹಿಡಿಯುವವಳು ಮಗಳು. ಅದೇ ಪರೀಕ್ಷೆಗೆ ಕೂರುವ ಮಗನು ಕೈತೊಳೆದವನೇ ಓದಲು ಹೋಗುವನು. ಆ ಕೆಲಸದಲ್ಲಿ ಅರ್ಧವನ್ನು ಅವನೂ ಮಾಡಲಿ. ಆಗ ಅವಳು ಹತ್ತಕ್ಕೆ ಮಲಗಬಹುದು. ಆರಕ್ಕೆ ಮುಂಚೆ ಅವಳನ್ನು ಯಾರೂ ಎಬ್ಬಿಸದಿರಲಿ.