ದೋಷಪತ್ತೆಗೂ ಕೂಲಿ ಸಲ್ಲಲಿ

ಕಪಿಲಾ ನದಿಯ ದಡದಲ್ಲಿರುವ ಸರಗೂರು ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿನ ಭಾಗವಾಗಿದ್ದು, 2017ರ ರಾಜ್ಯ ಮುಂಗಡಪತ್ರದಲ್ಲಿ ಪ್ರತ್ಯೇಕ ತಾಲ್ಲೂಕೆಂದು ಘೋಷಿತವಾಯಿತು. ರೈಲು ಸಂಪರ್ಕವಿಲ್ಲದ ಈ ಪಟ್ಟಣದ ವ್ಯಾಪಾರ ವಹಿವಾಟು ಸಂಪೂರ್ಣವಾಗಿ ರಸ್ತೆಯನ್ನೇ ಅವಲಂಬಿಸಿದೆ. ಮೈಸೂರಿನ ಸಗಟು ಮಾರುಕಟ್ಟೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಹೀಗಾಗಿ ಇಲ್ಲಿನ ಸಣ್ಣ ವರ್ತಕನ ಮನೆಯ ಮುಂದೆ ನಿಂತಿರುವ ಪುಟ್ಟ ಹ್ಯಾಚ್‌ಬ್ಯಾಕ್ ಕಾರು ಕೇವಲ ಕುಟುಂಬದ ಅನುಕೂಲಕ್ಕಾಗಿ ಇರುವ ವಸ್ತುವಲ್ಲ. ಹಿಂದಿನ ಸೀಟು ಮಡಿಸಿದರೆ ಅದೇ ಸರಕಿನ ಗಾಡಿ, ವಸೂಲಿಗೆ ಹೊರಟರೆ ಅದೇ ಸಂಚಾರಿ ಕಚೇರಿ. ಅಂಥ ಕಾರು ಕೆಟ್ಟು ಎರಡು ದಿನ ನಿಂತರೆ ನಷ್ಟವು ದುರಸ್ತಿಯ ಬಿಲ್ಲಿನಲ್ಲಿ ಕಾಣುವ ಮೊತ್ತಕ್ಕಿಂತ ಹೆಚ್ಚಾಗಿರುತ್ತದೆ.

ಹೀಗಿದ್ದರೂ ಕಾರಿನ ದುರಸ್ತಿಯ ವಿಷಯದಲ್ಲಿ ವರ್ತಕ ಸಮುದಾಯ ಅನುಸರಿಸುತ್ತಿರುವ ಪದ್ಧತಿ ವ್ಯಾಪಾರದ ಸಾಮಾನ್ಯ ವಿವೇಕಕ್ಕೆ ಹೊಂದುವಂಥದ್ದಲ್ಲ. ಕಾರು ಗ್ಯಾರೇಜಿಗೆ ಬಂದೊಡನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ "ಏನು ಬದಲಾಯಿಸಬೇಕು?" ಎಂಬುದು. "ಏನು ಕೆಟ್ಟಿದೆ, ಅದು ಹೇಗೆ ತಿಳಿಯಿತು?" ಎಂದು ಕೇಳುವವರು ವಿರಳ. ಪರಿಣಾಮವಾಗಿ ಊಹೆಯ ಮೇಲೆ ಬಿಡಿಭಾಗಗಳು ಬದಲಾಗುತ್ತವೆ. ದೋಷ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಮಳೆಗಾಲದ ಬೆಳಿಗ್ಗೆ ಕಾರು ಚಾಲೂ ಆಗುವುದಿಲ್ಲ. ಸೆಲ್ಫ್ ಹಾಕಿದರೆ ಎಂಜಿನ್ ಮಂದವಾಗಿ ತಿರುಗಿ ನಿಂತುಬಿಡುತ್ತದೆ. ಬ್ಯಾಟರಿ ಹಳೆಯದೆಂದು ಹೊಸದನ್ನು ಹಾಕಲಾಗುತ್ತದೆ. ವಾರದ ನಂತರ ಅದೇ ತೊಂದರೆ ಮರುಕಳಿಸುತ್ತದೆ. ಈ ಬಾರಿ ಸೆಲ್ಫ್ ಮೋಟಾರ್ ಬದಲಾಗುತ್ತದೆ. ಕೊನೆಗೆ ತಿಳಿಯುವ ಸಂಗತಿಯೆಂದರೆ, ಎಂಜಿನ್ನಿಗೂ ಕಾರಿನ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿಯ ತುದಿ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ಬೋಲ್ಟು ಬಿಗಿ ಮಾಡಲು ಬೇಕಾದದ್ದು ಅರ್ಧ ಗಂಟೆಯ ಕೆಲಸ ಮಾತ್ರ. ಬದಲಾದ ಎರಡು ಬಿಡಿಭಾಗಗಳ ಬೆಲೆ ವ್ಯರ್ಥವಾಯಿತು.

ಈ ದೋಷವನ್ನು ಮೊದಲ ದಿನವೇ ಪತ್ತೆ ಹಚ್ಚಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಸುಸ್ಥಿತಿಯ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಇರುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇದ್ದರೆ ಚಾರ್ಜಿಂಗ್ ಸರಿಯಿದೆ ಎಂದರ್ಥ. ಸೆಲ್ಫ್ ತಿರುಗಿಸುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡುಬಂದರೆ ದೋಷ ಅರ್ಥಿಂಗ್‌ನಲ್ಲಿದೆ. ಹತ್ತು ನಿಮಿಷಗಳಲ್ಲಿ ಮುಗಿಯುವ ಈ ಅಳತೆಗಳು ಸಾವಿರಾರು ರೂಪಾಯಿ ಉಳಿಸಬಲ್ಲವು.

ಹಾಗಾದರೆ ಈ ಪರೀಕ್ಷೆಗಳು ಏಕೆ ನಡೆಯುವುದಿಲ್ಲ? ಮೆಕ್ಯಾನಿಕ್‌ಗಳ ಅಜ್ಞಾನವೇ ಕಾರಣವೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ನಿಜವಾದ ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಬಿಡಿಭಾಗ ಬದಲಾಯಿಸಿದರೆ ಗಿರಾಕಿ ತಕರಾರಿಲ್ಲದೆ ಹಣ ಕೊಡುತ್ತಾನೆ. ಅದರಲ್ಲಿ ಗ್ಯಾರೇಜಿಗೆ ಒಂದಿಷ್ಟು ಲಾಭಾಂಶವೂ ಸಿಗುತ್ತದೆ. ಒಂದು ಗಂಟೆ ವೈರು ಹುಡುಕಿ, ಬೋಲ್ಟು ಬಿಗಿದು ಕಾರು ಸರಿಪಡಿಸಿದವನಿಗೆ ಮಾತ್ರ "ಒಂದು ಬೋಲ್ಟು ಬಿಗಿದದ್ದಕ್ಕೆ ಇಷ್ಟೇಕೆ?" ಎಂಬ ಮಾತು ಕೇಳಬೇಕಾಗುತ್ತದೆ. ಹುಡುಕಿದವನಿಗೆ ಕೂಲಿ ಕಡಿಮೆ, ಊಹಿಸಿದವನಿಗೆ ಲಾಭ ಹೆಚ್ಚು ಎಂಬ ಈ ವ್ಯವಸ್ಥೆಯನ್ನು ರೂಪಿಸಿದವರು ಗಿರಾಕಿಗಳೇ. ಗಿರಣಿಯ ಯಂತ್ರ ನಿಂತಾಗ ದೋಷ ಹುಡುಕಲು ಬಂದ ಎಲೆಕ್ಟ್ರಿಷಿಯನ್‌ಗೆ ಹಣ ಕೊಡುವ ಉದ್ಯಮಿ, ಕಾರಿನ ವಿಷಯದಲ್ಲಿ ಅದೇ ನಿಯಮವನ್ನು ಮರೆಯುವುದು ಸೋಜಿಗದ ಸಂಗತಿ.

ಕಾರುಗಳ ರಚನೆಯೇ ಬದಲಾಗಿರುವುದರಿಂದ ಈ ಮರೆವು ದಿನೇ ದಿನೇ ದುಬಾರಿಯಾಗುತ್ತಿದೆ. 1983ರಲ್ಲಿ ಮಾರುತಿ 800 ಬಂದಾಗ ಅದರಲ್ಲಿದ್ದದ್ದು ಕಾರ್ಬೊರೇಟರ್. ಕಿವಿ, ಕೈ ಮತ್ತು ಅನುಭವದಿಂದ ಅದರ ದೋಷ ತಿಳಿಯಬಹುದಾಗಿತ್ತು. 2000ನೇ ಇಸವಿಯಿಂದ ಮಾಲಿನ್ಯ ನಿಯಮಗಳು ಹಂತ ಹಂತವಾಗಿ ಬಿಗಿಯಾದಂತೆ ಇಂಜೆಕ್ಟರ್, ಸೆನ್ಸರ್ ಹಾಗೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಸಣ್ಣ ಕಾರುಗಳಿಗೂ ಬಂದವು. 2017ರ ಏಪ್ರಿಲ್‌ನಲ್ಲಿ ಭಾರತ್ ಹಂತ-4 ಮತ್ತು 2020ರ ಏಪ್ರಿಲ್‌ನಲ್ಲಿ ಭಾರತ್ ಹಂತ-6 ನಿಯಮಗಳು ದೇಶಾದ್ಯಂತ ಜಾರಿಯಾದವು. ಇಂದಿನ ಕಾರು ತನ್ನ ದೋಷವನ್ನು ತಾನೇ ದಾಖಲಿಸಿಕೊಳ್ಳುತ್ತದೆ. ಸ್ಟಿಯರಿಂಗ್ ಬಳಿ ಇರುವ ಹದಿನಾರು ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಆ ದಾಖಲೆಯನ್ನು ಓದಬಹುದು.

ಆದರೆ ಸ್ಕ್ಯಾನರ್ ತೋರಿಸುವ ಸಂಕೇತವನ್ನು ತೀರ್ಪೆಂದು ಭಾವಿಸುವುದು ಇನ್ನೊಂದು ಬಗೆಯ ಊಹೆ. ಅದು ದೂರು ಮಾತ್ರ. ವಿಚಾರಣೆ ಇನ್ನೂ ನಡೆಯಬೇಕು. ಪಿ-0171 ಎಂಬ ಸಂಕೇತದ ಅರ್ಥ ಎಂಜಿನ್ನಿಗೆ ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಇಂಧನ ದೊರೆಯುತ್ತಿಲ್ಲ ಎಂಬುದು. ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಗಾಳಿ ನುಸುಳುತ್ತಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಕುಗ್ಗಿರಬಹುದು. ಆ ಸಂಕೇತ ಕಂಡೊಡನೆ ದುಬಾರಿ ಆಕ್ಸಿಜನ್ ಸೆನ್ಸರ್ ಬದಲಾಯಿಸುವುದು ಅವಸರದ ಕ್ರಮ. ಅಂತೆಯೇ ಪಿ-0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇರುವ ಕಾರುಗಳಲ್ಲಿ ಮೂರನೆಯದರ ಕಾಯಿಲನ್ನು ಎರಡನೆಯದರೊಂದಿಗೆ ಅದಲು ಬದಲು ಮಾಡಿ ನೋಡಬಹುದು. ದೋಷ ಎರಡನೆಯ ಸಿಲಿಂಡರಿಗೆ ಸರಿದರೆ ಕಾಯಿಲ್ ಕೆಟ್ಟಿದೆ; ಸರಿಯದಿದ್ದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ಪರೀಕ್ಷಿಸಬೇಕು. ಈ ಪರೀಕ್ಷೆಗೆ ಯಾವ ಬಿಡಿಭಾಗವೂ ಬೇಕಿಲ್ಲ.

ಹೊಲ, ಗೋದಾಮುಗಳ ಪಕ್ಕದಲ್ಲಿ ಕಾರು ನಿಲ್ಲಿಸುವ ಊರುಗಳಲ್ಲಿ ಇಲಿ ಕಡಿದ ವೈರಿಂಗ್ ಮತ್ತೊಂದು ಸಾಮಾನ್ಯ ಕಾರಣ. ಒಂದು ಎಳೆ ತುಂಡಾದರೆ ಸೆನ್ಸರ್ ಕೆಟ್ಟಂತೆಯೇ ದೀಪ ಬೆಳಗುತ್ತದೆ. ಎಂಜಿನ್ ಬಿಸಿಯಾದಾಗಲೂ ಇದೇ ಎಚ್ಚರ ಬೇಕು. ರೇಡಿಯೇಟರ್ ಫ್ಯಾನಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟಾಗ ಅದು ತಿರುಗಿದರೆ ಮೋಟಾರ್ ಸರಿಯಿದೆ. ಫ್ಯೂಸ್, ರಿಲೇ, ಉಷ್ಣತೆಯ ಸೆನ್ಸರ್ ಮತ್ತು ವೈರಿಂಗ್ ನೋಡಬೇಕು. ಪೂರ್ತಿ ತಿರುವಿನಲ್ಲಿ ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟನ್ನೂ, ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದಿದ್ದರೆ ಚಕ್ರದ ಬೇರಿಂಗನ್ನೂ ಮೊದಲು ಪರೀಕ್ಷಿಸುವುದು ಕ್ರಮ.

ಸ್ಥಳೀಯ ಗ್ಯಾರೇಜುಗಳಿಗೂ ಒಂದು ನ್ಯಾಯವಾದ ದೂರಿದೆ. ಕಾರು ತಯಾರಕರು ಮೂಲ ಬಿಡಿಭಾಗಗಳನ್ನೂ ದೋಷಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ದೊರೆಯಗೊಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ತೀರ್ಮಾನಿಸಿ, 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಈ ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ಹಕ್ಕಿಗಾಗಿ ದನಿಯೆತ್ತುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ. ಆದರೆ ಮಲ್ಟಿಮೀಟರ್ ಹಿಡಿದು ಅರ್ಥಿಂಗ್ ನೋಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ ಎಂಬುದನ್ನು ಗ್ಯಾರೇಜಿನವರೂ ಮರೆಯಬಾರದು.

ಪರೀಕ್ಷೆಗೆ ಪ್ರತ್ಯೇಕ ಶುಲ್ಕ ನಿಗದಿಯಾದರೆ ಸಾಮಾನ್ಯ ಗಿರಾಕಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಶುಲ್ಕ ಪಡೆದೂ ಊಹೆಯನ್ನೇ ಮುಂದುವರಿಸುವ ಗ್ಯಾರೇಜುಗಳು ಇರಬಹುದು. ಆದ್ದರಿಂದ ಶುಲ್ಕದ ಜೊತೆಗೆ ಹೊಣೆಯೂ ಬರಬೇಕು. ಯಾವ ಅಳತೆ ತೆಗೆಯಲಾಯಿತು, ಏನು ಕಂಡಿತು, ಯಾವ ಕಾರಣಕ್ಕೆ ಬಿಡಿಭಾಗ ಬದಲಾಯಿತು ಎಂಬ ನಾಲ್ಕು ಸಾಲು ಬಿಲ್ಲಿನಲ್ಲಿರಬೇಕು; ತೆಗೆದ ಹಳೆಯ ಭಾಗವನ್ನು ಗಿರಾಕಿಗೆ ತೋರಿಸಬೇಕು. ಸ್ವಂತ ಬಳಕೆಯ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿಎಸ್‌ಟಿಗೆ, ಬಾಡಿಗೆ ವಾಹನ ಮುಂತಾದ ವಿನಾಯಿತಿಗಳನ್ನು ಬಿಟ್ಟರೆ, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ತಪ್ಪು ದುರಸ್ತಿಯ ಹೊರೆ ವರ್ತಕನ ಗಲ್ಲಾಪೆಟ್ಟಿಗೆಯ ಮೇಲೆಯೇ ಬೀಳುವುದರಿಂದ ಈ ನಾಲ್ಕು ಸಾಲುಗಳ ಬೆಲೆ ಕಡಿಮೆಯೇನಲ್ಲ.

ಸರಗೂರಿನಂಥ ಪಟ್ಟಣದಲ್ಲಿ ಪ್ರತಿ ಗ್ಯಾರೇಜೂ ಉತ್ತಮ ಸ್ಕ್ಯಾನರ್ ಕೊಳ್ಳುವುದು ಕಷ್ಟಸಾಧ್ಯ. ನಾಲ್ಕಾರು ಗ್ಯಾರೇಜುಗಳು ಸೇರಿ ಒಂದನ್ನು ಕೊಂಡು, ಬಳಕೆಯ ಲೆಕ್ಕಕ್ಕೆ ತಕ್ಕಂತೆ ವೆಚ್ಚ ಹಂಚಿಕೊಳ್ಳಬಹುದು. ಐಟಿಐ ಮುಗಿಸಿದ ಯುವಕರಲ್ಲೊಬ್ಬರಿಗೆ ಅದರ ಉಸ್ತುವಾರಿ ವಹಿಸಬಹುದು. ವರ್ತಕರ ಸಂಘವು ಗ್ಯಾರೇಜಿನವರನ್ನು ಕರೆದು ಮಾತನಾಡಿ, ಎರಡೂ ಕಡೆಗೆ ಒಪ್ಪಿಗೆಯಾಗುವ ಪರೀಕ್ಷಾ ಶುಲ್ಕವನ್ನು ಗೊತ್ತುಪಡಿಸಿ ಫಲಕದಲ್ಲಿ ಪ್ರಕಟಿಸುವಂತೆ ಮಾಡಬಹುದು.

ದೋಷವನ್ನು ಕಂಡುಹಿಡಿಯುವುದೇ ದುರಸ್ತಿಯ ಮುಖ್ಯ ಭಾಗ. ಉಳಿದದ್ದು ಪಾನಾ ತಿರುಗಿಸುವ ಕೆಲಸ. ಆ ಮುಖ್ಯ ಭಾಗವನ್ನು ಪುಕ್ಕಟೆಯಾಗಿ ಬಯಸುವವರೆಗೆ ಅದು ಸರಿಯಾಗಿ ನಡೆಯಲಾರದು. ಮುಂದಿನ ಬಾರಿ ಕಾರು ಕೆಟ್ಟು ನಿಂತಾಗ ವರ್ತಕರು "ಏನು ಬದಲಾಯಿಸಬೇಕು?" ಎಂಬುದರ ಬದಲು "ಪರೀಕ್ಷಿಸಿ ಹೇಳಿ, ಅದರ ಕೂಲಿ ಕೊಡುತ್ತೇವೆ" ಎಂದು ಹೇಳಲು ಆರಂಭಿಸಿದರೆ ಸಾಕು, ಊರಿನ ಗ್ಯಾರೇಜುಗಳ ಕಾರ್ಯವಿಧಾನ ತಾನಾಗಿಯೇ ಬದಲಾಗತೊಡಗುತ್ತದೆ.