ಯಾವ ಗಂಡಸಿಗಾಗಿ ಈ ಹಂಬಲ?

"ಈಗ ಗಂಡಸರೇ ಇಲ್ಲ ಬಿಡಿ" ಎಂಬ ಮಾತು ಪಶ್ಚಿಮ ಬೆಂಗಳೂರಿನಲ್ಲಿ ಎಲ್ಲಿ ಬೇಕಾದರೂ ಕಿವಿಗೆ ಬೀಳುತ್ತದೆ. ವಿಜಯನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ, ರಾಜಾಜಿನಗರದ ಕಟಿಂಗ್ ಶಾಪಿನಲ್ಲಿ, ಕೆಂಗೇರಿ ಬಸ್ಸಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ. ಹೇಳುವವರು ಮುದುಕರಷ್ಟೇ ಅಲ್ಲ. ಇಪ್ಪತ್ತೈದು ದಾಟದ ಹುಡುಗರೂ ತಾವು ಕಾಣದ ಕಾಲವೊಂದನ್ನು ನೆನೆದು ನಿಟ್ಟುಸಿರಿಡುತ್ತಾರೆ. ಆಗೆಲ್ಲ ಅಪ್ಪ ಕೆಮ್ಮಿದರೆ ಮನೆಯೇ ಸುಮ್ಮನಾಗುತ್ತಿತ್ತಂತೆ, ಹೆಂಡತಿ ಎದುರಾಡುತ್ತಿರಲಿಲ್ಲವಂತೆ, ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲವಂತೆ, ಹತ್ತು ಜನರ ಸಂಸಾರವನ್ನು ಒಬ್ಬನೇ ಹೊರುತ್ತಿದ್ದನಂತೆ. ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ತೊಡಕಿರುವುದು ಅಲ್ಲೇ. ಮನೆ ಸುಮ್ಮನಾಗುವುದು, ಹೆಂಡತಿ ಎದುರಾಡದಿರುವುದು ಅಧಿಕಾರದ ಸಂಗತಿ. ಮಾತಿಗೆ ತಪ್ಪದಿರುವುದು, ಸಂಸಾರ ಹೊರುವುದು ಹೊಣೆಯ ಸಂಗತಿ. ಹಳೆಯ ಗಂಡಸ್ತನದ ಹಂಬಲ ಎಂದು ಇವತ್ತು ನಮ್ಮ ಹುಡುಗರ ಕೈಗೆ ಬರುತ್ತಿರುವುದು ಅಧಿಕಾರ ಮಾತ್ರ. ಹೊಣೆಯನ್ನೂ ಅದಕ್ಕಿಂತ ಮುಖ್ಯವಾದ ಸಂಯಮವನ್ನೂ ದಾರಿಯಲ್ಲೇ ಬಿಟ್ಟುಬಂದಿದ್ದೇವೆ.

ಈ ಭಾಗದ ಹಳೆಯ ಗಂಡಸನ್ನು ರೂಪಿಸಿದ್ದು ಕಾರ್ಖಾನೆ ಎಂಬುದನ್ನು ಮೊದಲು ನೆನೆಯಬೇಕು. ಬಿನ್ನಿ ಮಿಲ್ಲು ಶುರುವಾದದ್ದು 1884ರಲ್ಲಿ. ರಾಜಾಜಿನಗರ ಹುಟ್ಟಿದ್ದೇ 1949ರಲ್ಲಿ, ಕೈಗಾರಿಕಾ ಉಪನಗರವಾಗಿ. ಮಿನರ್ವ ಮಿಲ್ಲು, ಕಿರ್ಲೋಸ್ಕರ್, ಮೈಸೂರ್ ಸ್ಯಾಂಡಲ್ ಸೋಪಿನ ಕಾರ್ಖಾನೆ, ಇವುಗಳ ಸೈರನ್ನಿಗೆ ಬೀದಿಗಳೇ ಎದ್ದು ಮಲಗುತ್ತಿದ್ದವು. ರಾಜಾಜಿನಗರದಲ್ಲಿ ದೊಡ್ಡದೊಂದು ಇ.ಎಸ್.ಐ. ಆಸ್ಪತ್ರೆ ಇರುವುದೂ ಇದು ಕಾರ್ಮಿಕರ ಊರಾಗಿತ್ತೆಂಬ ಕಾರಣಕ್ಕೆ. ಕಾಯಂ ಕೆಲಸ, ಪಿ.ಎಫ್., ಬೋನಸ್ಸು, ಸಾಲ ಮಾಡಿಯಾದರೂ ಕೊಂಡ ಮೂವತ್ತು ನಲವತ್ತರ ಒಂದು ಸೈಟು. ಮೊದಲ ಪಾಳಿಗೆ ಹೋದವನಿಗೆ ನಿವೃತ್ತಿಯ ದಿನದವರೆಗೂ ಸಂಬಳ ಬರುತ್ತದೆಂಬ ಭರವಸೆ ಇತ್ತು. ನಾವು ಇವತ್ತು ಅಪ್ಪನ ಗಾಂಭೀರ್ಯ ಎಂದು ಕೊಂಡಾಡುವುದರಲ್ಲಿ ಅರ್ಧಪಾಲು ಆ ಭರವಸೆಯದು.

ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳೆದ್ದಿವೆ. ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಬಂದಿದೆ. ಅಂಥ ಮಿಲ್ಲಿನಲ್ಲಿ ನೇಯುತ್ತಿದ್ದವನ ಮೊಮ್ಮಗ ಇವತ್ತು ಕ್ಯಾಬ್ ಓಡಿಸುತ್ತಾನೆ, ಮನೆಮನೆಗೆ ಊಟ ತಲುಪಿಸುತ್ತಾನೆ, ಗುತ್ತಿಗೆಯ ಸೆಕ್ಯೂರಿಟಿ ಕೆಲಸದಲ್ಲಿ ರಾತ್ರಿ ಕಳೆಯುತ್ತಾನೆ. ಮುಂದಿನ ತಿಂಗಳ ಗಳಿಕೆ ಎಷ್ಟೆಂದು ಅವನಿಗೇ ಗೊತ್ತಿಲ್ಲ. ಅಂಥವನ ಮುಂದೆ "ನಿಮ್ಮ ತಾತ ಹೇಗಿದ್ದ ನೋಡು" ಎನ್ನುವುದು ಅನ್ಯಾಯ. ತಾತನ ಕೆಳಗಿದ್ದ ನೆಲ ಮೊಮ್ಮಗನ ಕಾಲಕೆಳಗೆ ಇಲ್ಲ.

ತಾತ ಒಬ್ಬನೇ ಹೊತ್ತ ಎಂಬುದೂ ಪೂರ್ತಿ ನಿಜವಲ್ಲ. ಸಂಬಳದ ಲಕೋಟೆ ಮನೆಗೆ ಬಂದ ಮೇಲೆ ತಿಂಗಳು ತುಂಬಿಸುತ್ತಿದ್ದವಳು ಅಜ್ಜಿ. ಚೀಟಿ ಕಟ್ಟುತ್ತಿದ್ದವಳು, ಹೊಲಿಗೆ ಯಂತ್ರ ತುಳಿಯುತ್ತಿದ್ದವಳು, ಹಪ್ಪಳ ಸಂಡಿಗೆ ಮಾರುತ್ತಿದ್ದವಳು, ಸೈಟಿನ ಕಂತು ನಿಂತಾಗ ಕುತ್ತಿಗೆಯ ಸರ ಬಿಚ್ಚಿ ಗಿರವಿ ಅಂಗಡಿಗೆ ಕಳಿಸಿದವಳು ಅವಳೇ. ಮನೆಯ ಹೆಸರಿನ ಫಲಕದಲ್ಲಿ ಅವಳ ಹೆಸರಿಲ್ಲ. ನೆನಪಿನಲ್ಲೂ ಇಲ್ಲವಾದರೆ ಆ ನೆನಪು ಸುಳ್ಳು.

ಹಾಗಾದರೆ ಹಳೆಯದೆಲ್ಲ ಬರೀ ದರ್ಪವೇ? ಅಲ್ಲವೇ ಅಲ್ಲ. ಹಳೆಯ ಗಂಡಸ್ತನದ ಪರ ಎದೆತಟ್ಟಿ ಮಾತಾಡುವವರಿಗೇ ಅದರ ಶ್ರೇಷ್ಠವಾದ ಭಾಗ ಗೊತ್ತಿಲ್ಲ ಎಂಬುದು ನನ್ನ ತಕರಾರು.

ನಮ್ಮಲ್ಲಿ ಗಂಡಸನ್ನು ಹೀಯಾಳಿಸಲು "ಕೈಗೆ ಬಳೆ ತೊಟ್ಟುಕೋ ಹೋಗು" ಎನ್ನುತ್ತಾರೆ. ಇದೇ ಬೆಂಗಳೂರಿನಲ್ಲಿ ಪ್ರತಿ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಅದನ್ನು ಹೊರುವವನು ಗರಡಿಯಲ್ಲಿ ಸಾಮು ಮಾಡಿ ಮೈ ಹುರಿಗೊಳಿಸಿದವನು, ವ್ರತ ಹಿಡಿದವನು. ಅಷ್ಟೆಲ್ಲ ಕಸುವು ಕೂಡಿಸಿಕೊಂಡು ಅವನು ಏನಾಗುತ್ತಾನೆ? ಹೆಣ್ಣಾಗುತ್ತಾನೆ. ಸೀರೆ ಉಡುತ್ತಾನೆ, ಕೈತುಂಬ ಬಳೆ ತೊಡುತ್ತಾನೆ, ಕೊರಳಿಗೆ ತಾಳಿ, ಹಣೆಗೆ ಕುಂಕುಮ, ತಲೆಯ ಮೇಲೆ ಮಲ್ಲಿಗೆಯ ಮಂಟಪ. ಬಿಚ್ಚುಗತ್ತಿಯ ವೀರಕುಮಾರರು ಸುತ್ತ ಕಾವಲು ನಡೆಯುತ್ತಾರೆ. ದ್ರೌಪದಿಯನ್ನು ಮೈಮೇಲೆ ತಂದುಕೊಳ್ಳುವ ಯೋಗ್ಯತೆ ಬರುವುದು ಗಂಡಸಿನ ಕಸುವಿನ ತುತ್ತತುದಿಯಲ್ಲಿ ಎಂದು ಕರಗ ಹೊರುವ ತಿಗಳ ಸಮುದಾಯ ನಂಬಿದೆ. ಬಳೆ ಅಲ್ಲಿ ಅವಮಾನವಲ್ಲ, ಬಿರುದು. ಹಳೆಯ ಗಂಡಸ್ತನ ಬೇಕೆನ್ನುವವರು ಇದನ್ನು ಯಾಕೆ ನೆನೆಯುವುದಿಲ್ಲ?

ಗಂಡುಗಲಿ ಎಂದೊಡನೆ ಕನ್ನಡಿಗನಿಗೆ ನೆನಪಾಗುವವನು ಕುಮ್ಮಟದುರ್ಗದ ಕುಮಾರರಾಮ. ದೆಹಲಿಯ ಸೈನ್ಯದ ಎದುರು ನಿಂತವನು. ಆದರೆ ನಂಜುಂಡ ಕವಿಯಿಂದ ಹಿಡಿದು ಜನಪದರವರೆಗೆ ಎಲ್ಲರೂ ಅವನನ್ನು ಹಾಡಿದ್ದು ಪರನಾರಿ ಸೋದರ ಎಂದು. ಮಲತಾಯಿ ರತ್ನಾಜಿ ಬಯಸಿ ಬಂದಾಗ ಒಲ್ಲೆನೆಂದು, ಆ ಕಾರಣಕ್ಕೇ ಆಪಾದನೆ ಹೊತ್ತದ್ದು ಅವನ ಕಥೆಯ ಹೃದಯ. ಕತ್ತಿಗಿಂತ ನಿಗ್ರಹ ದೊಡ್ಡದೆಂದು ಅವನ ಕಥೆ ಕಟ್ಟಿದವರು ಬಲ್ಲರು. ಬಸವೇಶ್ವರನಗರಕ್ಕೆ ಹೆಸರು ಕೊಟ್ಟ ಬಸವಣ್ಣನ ಹಾದಿಯಲ್ಲಿ ಶರಣನೇ ಸತಿ, ಲಿಂಗವೇ ಪತಿ. ನೇಕಾರನಾದ ಜೇಡರ ದಾಸಿಮಯ್ಯ ಒಳಗಿರುವ ಆತ್ಮ ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಶತಮಾನಗಳ ಹಿಂದೆಯೇ ಹೇಳಿ ಮುಗಿಸಿದ್ದಾನೆ. ರಾಜಾಜಿನಗರ ತಲೆಯೆತ್ತುತ್ತಿದ್ದ ಕಾಲದಲ್ಲೇ ಬಂದ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಕಾವ್ಯದಲ್ಲಿ ಸೀತೆಯೊಬ್ಬಳೇ ಬೆಂಕಿಗೆ ಇಳಿಯುವುದಿಲ್ಲ, ರಾಮನೂ ಇಳಿಯುತ್ತಾನೆ. ಹೆಂಡತಿಗೆ ಒಡ್ಡಿದ ಪರೀಕ್ಷೆಗೆ ತಾನೂ ನಿಲ್ಲುವ ಗಂಡಸು! ಹೊಸ ಕಾಲದ ಸಮಾನತೆಯ ಮಾತು ಪಶ್ಚಿಮದಿಂದ ತಂದ ಸರಕು ಎನ್ನುವವರು ಇವರನ್ನೆಲ್ಲ ಎಲ್ಲಿಡುತ್ತಾರೆ?

ಆದರ್ಶ ಬೇರೆ, ನಡೆದ ಬದುಕು ಬೇರೆ ಎಂಬುದೂ ನಿಜ. ಅದನ್ನು ಮುಚ್ಚಿಡಲಾರೆ. ಅದೇ ಕುವೆಂಪು 1936ರಲ್ಲೇ 'ಕಾನೂರು ಹೆಗ್ಗಡಿತಿ'ಯಲ್ಲಿ ಚಂದ್ರಯ್ಯಗೌಡನನ್ನು ತೋರಿಸಿದ್ದಾರೆ. ಮನೆಯ ಯಜಮಾನ, ಹೆಂಡತಿಯನ್ನು ಬಡಿಯುವವ, ಒಕ್ಕಲುಗಳನ್ನು ನಡುಗಿಸುವವ. ಅದೇ ಮನೆಯಲ್ಲಿ ಓದುವ, ಮರುಗುವ, ಕನಸು ಕಾಣುವ ಹೂವಯ್ಯನೂ ಇದ್ದಾನೆ. ಹಳೆಯ ಕಾಲದಲ್ಲಿ ಇಬ್ಬರೂ ಇದ್ದರು. ಯಾರನ್ನು ನೆನೆಯುತ್ತೀರಿ ಎಂಬುದು ನಿಮ್ಮ ಆಯ್ಕೆ, ಕಾಲದ್ದಲ್ಲ.

ಬೆಳ್ಳಿತೆರೆಯಲ್ಲಿ ನಾವು ಮಾಡಿಕೊಂಡ ಆಯ್ಕೆ ಮೊದಲು ಒಳ್ಳೆಯದೇ ಆಗಿತ್ತು. 1972ರ 'ಬಂಗಾರದ ಮನುಷ್ಯ'ದ ರಾಜೀವ ವಿಧವೆ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬಂಜರನ್ನು ಹಸನು ಮಾಡಿ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಅದರ ಹಿಂದಿನ ವರ್ಷ ಬಂದ 'ಕಸ್ತೂರಿ ನಿವಾಸ'ದ ನಾಯಕ ಕೊಟ್ಟೇ ಕರಗುತ್ತಾನೆ, ಕೈಚಾಚುವುದಿಲ್ಲ. ಮಿಲ್ಲಿನ ಪಾಳಿ ಮುಗಿಸಿ ಸಿನಿಮಾಕ್ಕೆ ಹೋಗುತ್ತಿದ್ದ ಗಂಡಸರಿಗೆ ರಾಜ್‌ಕುಮಾರ್ ಅಣ್ಣನಾದದ್ದು ಹೊಡೆದಾಟದಿಂದಲ್ಲ. ಕುಡಿಯದ, ಸೇದದ, ಹೆಣ್ಣಿನ ಮುಂದೆ ತಲೆತಗ್ಗಿಸಬಲ್ಲ ಗಂಡಸೊಬ್ಬ ದೊಡ್ಡವನಾಗಿ ಕಾಣಬಹುದೆಂದು ತೋರಿಸಿದ್ದರಿಂದ. 1992ರಲ್ಲಿ 'ಜೀವನ ಚೈತ್ರ'ದಲ್ಲಿ ಹೆಂಡದ ವಿರುದ್ಧ ನಿಂತಾಗಲೂ ಆ ಮಾತಿಗೆ ತೂಕವಿತ್ತು. 1995ರ 'ಓಂ' ಮಚ್ಚನ್ನು ಮುಂದೆ ತಂದಿತು. ಒಳ್ಳೆಯ ಸಿನಿಮಾ, ಅದರ ಪಶ್ಚಾತ್ತಾಪವೂ ನಿಜವಾದದ್ದು. ಆದರೆ ನೋಡಿದ ಹುಡುಗರು ಪಶ್ಚಾತ್ತಾಪ ಬಿಟ್ಟು ಮಚ್ಚನ್ನು ಮನೆಗೆ ತಂದರು. 2018ರಲ್ಲಿ 'ಕೆ.ಜಿ.ಎಫ್.' ಬರುವ ಹೊತ್ತಿಗೆ ಗಡ್ಡ, ಬಂದೂಕು, ಎದುರಿಲ್ಲದ ಅಹಂಕಾರ ಇವೇ ಗಂಡಸ್ತನದ ಗುರುತಾಗಿದ್ದವು. ಇದನ್ನೇ ಹಳೆಯ ಕಾಲದ ಗಂಡಸು ಎಂದು ನಂಬಿದವರಿದ್ದಾರೆ. ಹಳೆಯದು ಇದಲ್ಲ. ಇದರ ಆಯಸ್ಸು ಹೆಚ್ಚೆಂದರೆ ಮೂರು ದಶಕ.

ಅದರ ಫಲ ನಮ್ಮ ಬೀದಿಯವರೆಗೂ ಬಂತು. 2024ರ ಜೂನ್‌ನಲ್ಲಿ ಕಾಮಾಕ್ಷಿಪಾಳ್ಯ ಠಾಣೆಯ ವ್ಯಾಪ್ತಿಯ ಸುಮನಹಳ್ಳಿಯಲ್ಲಿ ಚಿತ್ರದುರ್ಗದ ಯುವಕನೊಬ್ಬನ ಶವ ಸಿಕ್ಕಿತು. ಹೆಣ್ಣೊಬ್ಬಳಿಗೆ ಅಶ್ಲೀಲ ಸಂದೇಶ ಕಳಿಸಿದ ಸಿಟ್ಟಿಗೆ ಅವನನ್ನು ಹೊಡೆದು ಕೊಂದರು ಎಂಬುದು ಪೊಲೀಸರ ಆರೋಪ. ಆರೋಪಿಗಳಲ್ಲಿ ಜನಪ್ರಿಯ ನಟರೊಬ್ಬರೂ ಇದ್ದಾರೆ. ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು, ನಾನಲ್ಲ. ನನ್ನನ್ನು ಕಲಕಿದ್ದು ಆಮೇಲೆ ಕೇಳಿಬಂದ ಮಾತು. "ಗಂಡಸಾದವನು ಇನ್ನೇನು ಮಾಡಬೇಕಿತ್ತು?" ಎಂದು ಎಷ್ಟೋ ಜನ ಬಹಿರಂಗವಾಗಿ ಕೇಳಿದರು. ಸತ್ತವನ ಹೆಂಡತಿ ಆಗ ಬಸುರಿ. ಹೆಣ್ಣಿನ ಮಾನ ಕಾಯುವುದೇ ಗಂಡಸ್ತನ ಎನ್ನುವವರಿಗೆ ಆ ಹೆಣ್ಣು ಕಾಣಲೇ ಇಲ್ಲ. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಪ್ರತಿಭಟನೆಯಾಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ತೆರೆಯ ಮೇಲಿನ ಪಂಚೆಗೆ ಶಿಳ್ಳೆ ಹೊಡೆಯುವ ಊರು, ಪಂಚೆ ಉಟ್ಟ ಜೀವಂತ ಅಪ್ಪನಿಗೆ ಬಾಗಿಲು ಹಾಕಿತು. ಹಂಬಲ ಹಳೆಯ ಗಂಡಸಿಗಾಗಿ ಅಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ಇಷ್ಟು ಹೇಳಿ ಗಂಡಸರ ದುಃಖವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಸುಮಾರು 1.7 ಲಕ್ಷ. ಅವರಲ್ಲಿ 1.22 ಲಕ್ಷಕ್ಕೂ ಹೆಚ್ಚು ಗಂಡಸರು. ಇದು ಎದೆ ನಡುಗಿಸುವ ಲೆಕ್ಕ. ಇದಕ್ಕೆ ಹೆಂಗಸರು ಮುಂದೆ ಬಂದದ್ದು ಕಾರಣವೆಂದು ಬೊಟ್ಟು ಮಾಡುವವರಿದ್ದಾರೆ. ಹೆಂಗಸರು ಮುಂದೆ ಬಂದದ್ದು ನಿಜ. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರೇ. 2016ರ ಏಪ್ರಿಲ್‌ನಲ್ಲಿ ಹೊಸ ನಿಯಮವೊಂದು ಪಿ.ಎಫ್. ಹಣಕ್ಕೆ ಕೈಹಾಕಿದಾಗ ನಗರದ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಎರಡನೆಯ ದಿನಕ್ಕೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಹಿಂದೆ ಮಿಲ್ಲಿನ ಯೂನಿಯನ್ನಿನ ಗಂಡಸರು ಮಾಡುತ್ತಿದ್ದ ಕೆಲಸವದು. ಆದರೆ ಈ ಹೆಂಗಸರ ಗೆಲುವು ಗಂಡಂದಿರ ಪಿ.ಎಫ್. ಅನ್ನೂ ಉಳಿಸಿತಲ್ಲ! ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ 44. ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ಗಂಡಸರ ಕೈಯಿಂದ ಅಧಿಕಾರ ಜಾರಿಹೋಗಿದೆ ಎನ್ನುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

2023ರ ಜೂನ್‌ನಲ್ಲಿ 'ಶಕ್ತಿ' ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾದ ಮೇಲೆ "ನಮಗೇನು?" ಎಂದು ಗಂಡಸರು ಕೇಳಿದರು. ಕೇಳುವುದು ತಪ್ಪಲ್ಲ. ಆದರೆ 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲೇ ಶಾಸಕರೊಬ್ಬರು ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಿ ಎಂದರು. 'ಜೀವನ ಚೈತ್ರ' ನೋಡಿ ಬೆಳೆದ, 2007ರಲ್ಲಿ ಸಾರಾಯಿ ನಿಷೇಧಿಸಿದ ರಾಜ್ಯದಲ್ಲಿ ಗಂಡಸಿನ ಪರವಾಗಿ ಕೇಳಲು ಸಿಕ್ಕಿದ್ದು ಬಾಟಲಿ. ಗಂಡಸನ್ನು ಇದಕ್ಕಿಂತ ಕೀಳಾಗಿ ಯಾವ ಸ್ತ್ರೀವಾದಿಯೂ ಕಂಡಿಲ್ಲ. ಕೇಳಬೇಕಾದದ್ದು ಬೇರೆ ಇದೆ. ಮಗು ಹುಟ್ಟಿದರೆ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಸಿಗುತ್ತದೆ. ಖಾಸಗಿ ಕೆಲಸದಲ್ಲಿರುವ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಕ್ಯಾಬ್ ಓಡಿಸುವವನಿಗಂತೂ ರಜೆಯ ಮಾತೇ ಇಲ್ಲ. ಹೊಸ ಕಾಲ ಗಂಡಸಿಗೆ ಮಗುವಿನ ಡಯಪರ್ ಬದಲಿಸು ಎನ್ನುತ್ತದೆ, ಬದಲಿಸಲು ಹೊತ್ತು ಕೊಡುವುದಿಲ್ಲ. ಅಳಬಹುದು ಎನ್ನುತ್ತದೆ, ಅತ್ತವನಿಗೆ ಹೆಣ್ಣು ಕೊಡಲು ಹಿಂದೇಟು ಹಾಕುತ್ತದೆ, ಮದುವೆಯ ಮಾತುಕತೆಯಲ್ಲಿ ಇಂದಿಗೂ ಮೊದಲು ಸಂಬಳ ಕೇಳುತ್ತದೆ. ಹೊಸ ಗಂಡಸ್ತನದ ಮಾತಾಡುವವರು ಇದಕ್ಕೂ ಉತ್ತರ ಕೊಡಬೇಕು. ಬರೀ ಬೈಗುಳದಿಂದ ಯಾವ ಹುಡುಗನೂ ತಿದ್ದಿಕೊಳ್ಳುವುದಿಲ್ಲ.

'ಬಂಗಾರದ ಮನುಷ್ಯ'ದ ಕೊನೆಯ ಬಗ್ಗೆ ಒಂದು ಮಾತು ನನ್ನಲ್ಲಿ ಬಹಳ ದಿನದಿಂದ ಉಳಿದಿದೆ. ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಆಡಿದ ಮಾತಿಗೆ ನೊಂದು ರಾಜೀವ ಊಟದ ಮುಂದಿನಿಂದ ಎದ್ದು ಹೊರಟುಹೋಗುತ್ತಾನೆ. ಜಗಳವಿಲ್ಲ, ಸಮಜಾಯಿಷಿಯಿಲ್ಲ. ನಾವೆಲ್ಲ ಅತ್ತೆವು, ಆ ಮೌನವನ್ನೇ ಹಿರಿಮೆ ಎಂದುಕೊಂಡೆವು. ಈಗ ಅನಿಸುತ್ತದೆ, ಆ ಒಂದು ವಿಷಯದಲ್ಲಿ ನಾವು ಅವನಿಂದ ಕಲಿಯಬಾರದಿತ್ತು. ನೊಂದದ್ದನ್ನು ಹೇಳದೆ ಎದ್ದುಹೋಗುವ ಗಂಡಸರು ನಮ್ಮ ಮನೆಮನೆಯಲ್ಲಿದ್ದರು. ಅವರ ಮಕ್ಕಳಿಗೆ ಅಪ್ಪನ ಮೌನ ಮಾತ್ರ ದಕ್ಕಿತು, ಅದರೊಳಗಿದ್ದ ಭಯ, ಅಕ್ಕರೆ, ಸೋಲು ದಕ್ಕಲಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಈಗ ಮಚ್ಚು ಹಿಡಿದ ನಾಯಕ ತುಂಬಿದ್ದಾನೆ.

ಅದಕ್ಕೇ ಪಶ್ಚಿಮ ಬೆಂಗಳೂರಿನ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಬಿನ್ನಿ ಮಿಲ್ಲಿನಲ್ಲಿ, ಕಿರ್ಲೋಸ್ಕರ್‌ನಲ್ಲಿ, ಸೋಪು ಕಾರ್ಖಾನೆಯಲ್ಲಿ ದುಡಿದು ಮನೆ ಕಟ್ಟಿದವರೇ, ನಿಮ್ಮ ಕಾಲ ಹೇಗಿತ್ತೆಂದು ಮೊಮ್ಮಕ್ಕಳಿಗೆ ನೀವೇ ಹೇಳಿ. ಮುಷ್ಕರದ ತಿಂಗಳಲ್ಲಿ ಸಂಬಳವಿಲ್ಲದೆ ಹೆದರಿದ್ದನ್ನು ಹೇಳಿ. ಯಾರ ಸರ ಅಡವಿಟ್ಟು ತಳಪಾಯ ಹಾಕಿದಿರಿ, ಅದನ್ನು ಬಿಡಿಸಿಕೊಳ್ಳಲು ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಹೇಳಿ. ಕೈ ಎತ್ತಿದ್ದರೆ ಅದನ್ನೂ, ಎತ್ತಿದ ಕೈಯನ್ನು ತಡೆದುಕೊಂಡಿದ್ದರೆ ಅದನ್ನೂ ಹೇಳಿ. ಹುಡುಗರು ನಿಮ್ಮ ಹೆಸರಿನಲ್ಲಿ ಯಾರನ್ನೋ ಅನುಕರಿಸುತ್ತಿದ್ದಾರೆ. ನೀವು ಹಾಗಿರಲಿಲ್ಲ ಎಂದು ಹೇಳಬಲ್ಲವರು ನೀವೊಬ್ಬರೇ.