ಅಜ್ಜಿಯ ಪಿಂಚಣಿ ಮತ್ತು ಸೀರಿಯಲ್ ಸೆಟ್ಟು

ಗಣೇಶನ ಹಬ್ಬಕ್ಕೆ ಮಂಟಪದ ಸುತ್ತ ಕಟ್ಟುವ ಬಣ್ಣದ ದೀಪದ ಸರಕ್ಕೆ ನಮ್ಮ ಬೆಂಗಳೂರಿನಲ್ಲಿ ‘ಸೀರಿಯಲ್ ಸೆಟ್ಟು’ ಎಂದೇ ಹೆಸರು. ಅದರ ಗುಣವೂ ಹೆಸರಿನಲ್ಲೇ ಇದೆ. ದೀಪಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದರ ತಂತಿ ಕಡಿದರೂ ಇಡೀ ಸರ ಆರಿಹೋಗುತ್ತದೆ. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವಾಗ ನಾನು ಪ್ರತಿ ವರ್ಷ ಹಳೆಯ ಸೆಟ್ಟೊಂದನ್ನು ತಂದು, ಗುಟ್ಟಾಗಿ ಒಂದು ದೀಪ ಸಡಿಲಿಸಿ, ‘ಕೆಟ್ಟಿದ್ದು ಎಲ್ಲಿ, ಹುಡುಕಿ’ ಎನ್ನುತ್ತೇನೆ. ‘ಹೊಸದು ತಂದುಬಿಡೋಣ ಸಾರ್’ ಎನ್ನುವವರೇ ಹೆಚ್ಚು. ತಾಳ್ಮೆಯಿಂದ ಟೆಸ್ಟರ್ ಹಿಡಿದು ಒಂದು ತುದಿಯಿಂದ ಹೊರಡುವವರು ತರಗತಿಗೆ ಇಬ್ಬರು ಸಿಕ್ಕರೆ ಪುಣ್ಯ.

ಕಳೆದ ವರ್ಷ ಈ ಪಾಠವಾದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಅವನ ಅಜ್ಜಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ಪಿಂಚಣಿ ಐದು ತಿಂಗಳಿಂದ ಬಂದಿಲ್ಲವಂತೆ. ಹೊಸದಾಗಿ ಅರ್ಜಿ ಹಾಕಬೇಕು, ನಾನು ಬರೆದುಕೊಡಬಲ್ಲೆನೇ ಎಂದು ಕೇಳಿದ. ಅಜ್ಜಿ ಸಾರಕ್ಕಿ ಮಾರುಕಟ್ಟೆಯ ಬಳಿ ಸೊಪ್ಪು ಮಾರುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ಈಚೆಗೆ ಅರ್ಧಕ್ಕೆ ಮುರಿದು ನುಂಗುತ್ತಿದ್ದಾರೆ ಎಂಬ ಸಂಗತಿಯನ್ನು ಅವನು ಎಲ್ಲ ಮಾತು ಮುಗಿದ ಮೇಲೆ, ಹೊರಡುವಾಗ ಹೇಳಿದ.

‘ಪಿಂಚಣಿ ಕೊಡುವವರು ಯಾರು?’ ಎಂದು ಕೇಳಿದೆ. ‘ಕಾರ್ಪೊರೇಷನ್ನಿನವರು ಸಾರ್’ ಎಂದ. ಜಯನಗರ, ಜೆ.ಪಿ. ನಗರದ ಸುಶಿಕ್ಷಿತ ಪೋಷಕರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ಕಸ, ರಸ್ತೆ, ಬೀದಿದೀಪ ನೋಡಿಕೊಳ್ಳುವವರೇ ಉಳಿದದ್ದನ್ನೂ ನೋಡಿಕೊಳ್ಳುತ್ತಾರೆ ಎಂದು ನಗರವಾಸಿಗಳ ನಂಬಿಕೆ. ಆದರೆ ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ಮಾಸಾಶನ ಇವೆಲ್ಲ ಕಂದಾಯ ಇಲಾಖೆಯ ಕೆಲಸ. ಭೂಮಿಯ ಲೆಕ್ಕ ಬರೆದು ತೆರಿಗೆ ಎತ್ತಲು ಹುಟ್ಟಿದ ಇಲಾಖೆ, ದಿಕ್ಕಿಲ್ಲದ ಮುದುಕಿಯ ಲೆಕ್ಕವನ್ನೂ ಬರೆಯುತ್ತದೆ. ಅದರೊಳಗೆ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ ಎಂಬ ಪ್ರತ್ಯೇಕ ಶಾಖೆಯೇ ಇದೆ. ಸಂವಿಧಾನದ 41ನೆಯ ವಿಧಿ ಮುಪ್ಪು, ಕಾಯಿಲೆ, ನಿರುದ್ಯೋಗದ ಕಾಲದಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ಸಿಗುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಆ ಮಾತು ನಮ್ಮ ಬಡಾವಣೆಯ ಅಜ್ಜಿಯವರೆಗೆ ಬರುವುದು ಈ ಇಲಾಖೆಯ ದಾರಿಯಲ್ಲಿ.

ಅದೇ ಅಜ್ಜಿಯ ಮೊಮ್ಮಗಳು ಅಂಗನವಾಡಿಗೆ ಹೋದರೆ ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿ. ನರಸೀಪುರ. ರೇಷನ್ ಅಕ್ಕಿ ಆಹಾರ ಇಲಾಖೆಯದು. ಹಾಸ್ಟೆಲು ಸಮಾಜ ಕಲ್ಯಾಣ ಇಲಾಖೆಯದು, ಇಲ್ಲವೇ ಹಿಂದುಳಿದ ವರ್ಗಗಳ ಇಲಾಖೆಯದು. ನಾಲ್ಕನೇ ಟಿ ಬ್ಲಾಕಿನ ಜಯನಗರ ಸಾರ್ವಜನಿಕ ಆಸ್ಪತ್ರೆ ಆರೋಗ್ಯ ಇಲಾಖೆಯದು. ಮನುಷ್ಯ ಇಡಿಯಾಗಿ ಬಂದು ನಿಲ್ಲುತ್ತಾನೆ. ಸರ್ಕಾರ ಅವನನ್ನು ವಯಸ್ಸು, ಹೊಟ್ಟೆ, ಜಾತಿ, ರೋಗ ಎಂದು ಬಿಡಿಸಿ ನೋಡುತ್ತದೆ. ಈ ಎಲ್ಲ ಎಳೆಗಳೂ ಒಂದು ಕಡೆ ಸೇರಬಹುದಾದ ಮೇಜೆಂದರೆ ಜಿಲ್ಲಾಧಿಕಾರಿಯದು, ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿ. ಆದರೆ ಸೊಪ್ಪಿನ ಬುಟ್ಟಿ ಬಿಟ್ಟು ಅಲ್ಲಿಗೆ ಹೋಗಿಬರುವುದೆಂದರೆ ಅಜ್ಜಿಗೆ ಒಂದು ದಿನದ ವ್ಯಾಪಾರ ಹೋದಂತೆ.

ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುವಂತೆ ಅಲ್ಲಿ ‘ಕೌಂಟಿ’ ಎಂಬ ಘಟಕ ಈ ಕೆಲಸಗಳನ್ನು ಒಟ್ಟಾಗಿ ನಡೆಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ 58 ಕೌಂಟಿಗಳಿವೆ. ಆಹಾರದ ನೆರವು, ಮಕ್ಕಳ ರಕ್ಷಣೆ, ಮುದುಕರ ಆರೈಕೆ ಎಲ್ಲಕ್ಕೂ ಅವನ ಕೌಂಟಿಯಲ್ಲಿ ಸಮಾಜ ಸೇವೆಗಳ ಸಂಸ್ಥೆ ಒಂದೇ. ಅಲ್ಲಿಯೂ ಅರ್ಜಿ, ಕಾಯುವಿಕೆ, ಗೊಣಗಾಟ ತಪ್ಪಿದ್ದಲ್ಲವಂತೆ. ಆದರೂ ಯಾವ ಬಾಗಿಲು ತಟ್ಟಬೇಕು ಎಂಬ ಗೊಂದಲವಾದರೂ ಕಡಿಮೆಯಲ್ಲವೇ?

ನಮ್ಮಲ್ಲಿ ಗೊಂದಲ ಹೆಸರಿನಿಂದಲೇ ಆರಂಭ. ‘ಬೆಂಗಳೂರು ದಕ್ಷಿಣ’ ಎಂದರೆ ಯಾವುದು? ಲೋಕಸಭಾ ಕ್ಷೇತ್ರವೊಂದಿದೆ. ತಾಲ್ಲೂಕೊಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಯನ್ನು ಐದಾಗಿ ಒಡೆದಾಗ ಆ ಹೆಸರಿನ ನಗರ ಪಾಲಿಕೆಯೂ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಗೂ ಇದೇ ಹೆಸರಿಡಲು ಒಪ್ಪಿತು! ಇವುಗಳ ಎಲ್ಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಪಿಂಚಣಿಯ ಮಟ್ಟಿಗೆ ನಮಗೆ ಬೇಕಾದದ್ದು ತಾಲ್ಲೂಕು, ಅದರೊಳಗಿನ ಹೋಬಳಿ. ಅದು 1986ರಲ್ಲಿ ಬೇರೆಯಾದ ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು.

ನಿಮ್ಮ ಮನೆಯ ಕ್ರಯಪತ್ರ ಬೀರುವಿನಲ್ಲಿದ್ದರೆ ಒಮ್ಮೆ ತೆಗೆದು ಓದಿ. ಜೆ.ಪಿ. ನಗರದವರಾದರೆ ‘ಸಾರಕ್ಕಿ ಗ್ರಾಮ, ಉತ್ತರಹಳ್ಳಿ ಹೋಬಳಿ’ ಎಂದಿರಬಹುದು, ಬಿ.ಟಿ.ಎಂ. ಬಡಾವಣೆಯ ಆಚೀಚೆಯವರಾದರೆ ‘ಬಿಳೇಕಹಳ್ಳಿ ಗ್ರಾಮ, ಬೇಗೂರು ಹೋಬಳಿ’ ಎಂದಿರಬಹುದು. ಹೊಲಗದ್ದೆ ಹೋಗಿ ಹತ್ತು ಅಂತಸ್ತಿನ ಕಟ್ಟಡ ಬಂದರೂ ಕಂದಾಯದ ಕಡತದಲ್ಲಿ ಗ್ರಾಮ ಗ್ರಾಮವೇ. ಹಾಗಾಗಿ ಲಿಫ್ಟಿನಲ್ಲಿ ಓಡಾಡುವ ನಮಗೂ ಒಬ್ಬ ಗ್ರಾಮ ಆಡಳಿತ ಅಧಿಕಾರಿ ಇದ್ದಾರೆ. ಮೊನ್ನೆ ಮೊನ್ನೆಯವರೆಗೆ ಅವರನ್ನು ಗ್ರಾಮ ಲೆಕ್ಕಾಧಿಕಾರಿ ಎನ್ನುತ್ತಿದ್ದೆವು. ನಮ್ಮ ತಾತಂದಿರ ಕಾಲಕ್ಕೆ ಆ ಜಾಗದಲ್ಲಿ ಶಾನುಭೋಗರಿದ್ದರು. ಹೋಬಳಿಯ ಕಚೇರಿಯೇ ನಾಡಕಚೇರಿ, ಅದರ ಮುಖ್ಯಸ್ಥರು ಉಪ ತಹಸೀಲ್ದಾರರು.

ಈಗ ಸೀರಿಯಲ್ ಸೆಟ್ಟಿಗೆ ಬರೋಣ. ಅಜ್ಜಿಯ ಅರ್ಜಿ ನಾಡಕಚೇರಿಯಲ್ಲಿ ದಾಖಲಾಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಮನೆ, ವಯಸ್ಸು, ವರಮಾನ ವಿಚಾರಿಸುತ್ತಾರೆ. ಕಂದಾಯ ನಿರೀಕ್ಷಕರು ನೋಡುತ್ತಾರೆ. ತಹಸೀಲ್ದಾರ್ ಇಲ್ಲವೇ ಉಪ ತಹಸೀಲ್ದಾರರ ಆದೇಶವಾಗುತ್ತದೆ. ಹೆಸರು ನಿರ್ದೇಶನಾಲಯದ ಪಟ್ಟಿಗೆ ಸೇರಿ, ಖಜಾನೆಯಿಂದ ಹಣ ಹೊರಟು, ಆಧಾರ್ ಸಂಖ್ಯೆಯ ಮೂಲಕ ಬ್ಯಾಂಕಿನ ಖಾತೆಗೆ ಇಳಿಯುತ್ತದೆ. ಹಿಂದೆ ಕೊನೆಯ ದೀಪದ ಜಾಗದಲ್ಲಿ ಅಂಚೆಯಣ್ಣ ಇದ್ದ. ಮನಿಯಾರ್ಡರ್ ಬರದಿದ್ದರೆ ಅವನನ್ನೇ ಬೀದಿಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಈಗ ಆ ಜಾಗದಲ್ಲಿರುವುದು ಕಣ್ಣಿಗೆ ಕಾಣದ ಒಂದು ಜೋಡಣೆ.

ಹಣ ನಿಂತಾಗ ಜನ ಮಾಡುವುದು ನನ್ನ ಹುಡುಗರು ಮಾಡುವುದನ್ನೇ. ಹೊಸ ಅರ್ಜಿ! ಇದರಿಂದ ಲಾಭವಿಲ್ಲ. ಈಗಾಗಲೇ ಮಂಜೂರಾದವರ ಹೆಸರಿನಲ್ಲಿ ಇನ್ನೊಂದು ಅರ್ಜಿ ಬಿದ್ದರೆ ಕಡತ ಇನ್ನಷ್ಟು ಸಿಕ್ಕಾಗುತ್ತದೆ, ಹಳೆಯ ದೋಷ ಇದ್ದಲ್ಲೇ ಇರುತ್ತದೆ. ನಾನು ಹುಡುಗನಿಗೆ ಹೇಳಿದ್ದಿಷ್ಟು: ‘ಅರ್ಜಿ ಆಮೇಲೆ. ಮಂಜೂರಾತಿ ಆದೇಶದ ಪ್ರತಿ, ಪಾಸ್‌ಬುಕ್, ಆಧಾರ್ ಮೂರನ್ನೂ ತೆಗೆದುಕೊಂಡು ಅಜ್ಜಿಯನ್ನು ಕರೆದುಕೊಂಡು ಬಾ.’

ಶನಿವಾರ ಮಧ್ಯಾಹ್ನ ಮೂವರೂ ಹೊರಟೆವು. ಮೊದಲು ಹೋದ ಕಚೇರಿಯಲ್ಲಿ ‘ಸರ್ವರ್ ಇಲ್ಲ’ ಎಂದರು. ಸೋಮವಾರ ಹುಡುಗ ಒಬ್ಬನೇ ಹೋಗಿ ವಿಚಾರಿಸಿದ. ಆದೇಶ ಚಾಲ್ತಿಯಲ್ಲಿದೆ, ರದ್ದಾಗಿಲ್ಲ ಎಂದು ತಿಳಿಯಿತು. ಅಲ್ಲಿಗೆ ಸರದ ಮೊದಲರ್ಧ ಸರಿಯಾಗಿದೆ ಎಂದಾಯಿತು. ನಂತರ ಅಜ್ಜಿಯ ಮುಂದೆಯೇ ರಾಜ್ಯ ಸರ್ಕಾರದ ನೇರ ನಗದು ವರ್ಗಾವಣೆಯ ಆ್ಯಪ್‌ನಲ್ಲಿ ನೋಡಿದೆವು. ಹಣ ಪ್ರತಿ ತಿಂಗಳೂ ಹೋಗಿದೆ! ಆದರೆ ಅಜ್ಜಿಯ ಕೈಯಲ್ಲಿದ್ದ ಪಾಸ್‌ಬುಕ್ಕಿನ ಬ್ಯಾಂಕಿಗಲ್ಲ, ಬೇರೊಂದಕ್ಕೆ.

ಅಜ್ಜಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆರು ತಿಂಗಳ ಹಿಂದೆ ಅವರ ಬೀದಿಯಲ್ಲಿ ಯಾರೋ ಶಾಮಿಯಾನ ಹಾಕಿ, ದುಡ್ಡಿಲ್ಲದೆ ಖಾತೆ ತೆರೆದುಕೊಡುತ್ತೇವೆ ಎಂದು ಎಲ್ಲರ ಹೆಬ್ಬೆಟ್ಟು ಪಡೆದಿದ್ದರು. ಆ ಹೊಸ ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದ ಸಮೇತ ಟ್ರಂಕಿನ ತಳದಲ್ಲಿತ್ತು. ಸರ್ಕಾರದ ಹಣ ಖಾತೆಯ ಸಂಖ್ಯೆಯನ್ನು ನೋಡಿ ಹೋಗುವುದಿಲ್ಲ. ಆಧಾರಿಗೆ ಕೊನೆಯದಾಗಿ ಯಾವ ಬ್ಯಾಂಕನ್ನು ಜೋಡಿಸಿದೆಯೋ ಅಲ್ಲಿಗೆ ಹೋಗುತ್ತದೆ. ಹೆಬ್ಬೆಟ್ಟು ಒತ್ತಿದಾಗ ಜೋಡಣೆಯೂ ಬದಲಾಗಿತ್ತು. ಇದನ್ನು ಆ ದಿನ ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಆರು ಸಾವಿರ ರೂಪಾಯಿ. ತಿಂಗಳಿಗೆ 1,200ರಂತೆ ಐದು ತಿಂಗಳದ್ದು. 2007ರಲ್ಲಿ ಸಂಧ್ಯಾ ಸುರಕ್ಷಾ ಆರಂಭವಾದಾಗ ತಿಂಗಳಿಗೆ 400 ರೂಪಾಯಿ ಇತ್ತು. 2021ರಲ್ಲಿ 1,000ದಿಂದ 1,200ಕ್ಕೆ ಏರಿತು. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಂಬತ್ತು ತುಂಬದವರಿಗೆ 200 ರೂಪಾಯಿ, ಅದು ಸುಮಾರು ಎರಡು ದಶಕಗಳಿಂದ ಅಲ್ಲಾಡಿಲ್ಲ. ಈ ಮೊತ್ತಗಳ ಬಗ್ಗೆ ನನಗೆ ತಕರಾರಿದೆ. ಒಂದು ಕಾನ್ವೆಂಟಿನ ಮಗುವಿನ ತಿಂಗಳ ವ್ಯಾನ್ ಬಾಡಿಗೆಗೂ ಇದು ಸಾಲದು. ಆದರೆ ಅರ್ಧ ಮಾತ್ರೆ ನುಂಗುವವರಿಗೆ 1,200 ಎಂಬುದು ಸಣ್ಣ ಸಂಖ್ಯೆಯಲ್ಲ.

ಎಲ್ಲರ ದೋಷವೂ ಇಷ್ಟು ಸುಲಭದಲ್ಲಿ ಸಿಗುವುದಿಲ್ಲ. ಕೆಲವೊಮ್ಮೆ ಪರಿಶೀಲನೆಗೆ ಬಂದವರಿಗೆ ಮನೆ ಬೀಗ ಹಾಕಿರುತ್ತದೆ. ಮನೆ ಬದಲಿಸಿದವರ ವಿಳಾಸ ಹಳೆಯದೇ ಉಳಿದಿರುತ್ತದೆ. ಆಧಾರಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಇರುತ್ತದೆ. ಹೊಸ ಅರ್ಜಿಯೇ ಹಾಕಬೇಕಾಗಿ ಬಂದರೆ ಸಕಾಲ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯದೆ ಕಿಟಕಿ ಬಿಟ್ಟು ಕದಲಬೇಡಿ. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಹಣ ಹೆಚ್ಚಲ್ಲ, ನಿಜ. ಆದರೆ ಆ ಚೀಟಿಯ ಸಂಖ್ಯೆ ಇದ್ದರೆ ಅರ್ಜಿ ಯಾರ ಮೇಜಿನ ಮೇಲೆ ಮಲಗಿದೆ ಎಂಬುದು ತಿಳಿಯುತ್ತದೆ. ಹಾಗೆಯೇ ಮಕ್ಕಳೇ, ಅಜ್ಜಿಯರಿಗೆ ನೆರವಾಗಲು ಹೋಗಿ ಅವರ ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನು ಯಾವುದೇ ಅಪರಿಚಿತನಿಗೆ ಹೇಳಬೇಡಿ, ಅವನು ಎಷ್ಟೇ ನಯವಾಗಿ ಕೇಳಲಿ.

ನಮ್ಮ ಹುಡುಗನ ಅಜ್ಜಿ ಹೊಸ ಬ್ಯಾಂಕಿಗೆ ಹೋಗಿ ಹಣ ತೆಗೆದರು. ಜೋಡಣೆಯನ್ನು ಹಳೆಯ ಬ್ಯಾಂಕಿಗೇ ಮರಳಿಸಿದ್ದಾಯಿತು. ಮನೆಯ ಹತ್ತಿರವಿರುವುದು ಅದೇ. ಆಕೆ ನನಗೆ ಒಂದು ಕಟ್ಟು ದಂಟಿನ ಸೊಪ್ಪು ಕಳಿಸಿದ್ದರು. ದುಡ್ಡು ಕೊಡಲು ಹೋದರೆ ಮೊಮ್ಮಗ ಓಡಿಹೋದ.

ಮರುವಾರ ಅವನ ಚೀಲದಲ್ಲಿ ವಿಜ್ಞಾನದ ಪುಸ್ತಕದ ಜೊತೆ ಇನ್ನೂ ಮೂರು ಪಾಸ್‌ಬುಕ್ಕುಗಳಿದ್ದವು. ಅವರ ಬೀದಿಯಲ್ಲಿ ಅದೇ ಶಾಮಿಯಾನದ ಕೆಳಗೆ ಹೆಬ್ಬೆಟ್ಟು ಒತ್ತಿದವರದ್ದು.